ಬ್ರೇಕ್ ಇನ್‌ಸ್ಪೆಕ್ಟರ್ ನೋಡದೇ ಹೋದ ಬ್ರೇಕು

ಮೋಟಾರು ವಾಹನ ನಿರೀಕ್ಷಕರನ್ನು ನಮ್ಮಲ್ಲಿ ಆ ಹೆಸರಿನಿಂದ ಕರೆಯುವವರು ಕಡಿಮೆ. ಆರ್‌ಟಿಓ ಕಚೇರಿ ಎದುರಿನ ಟೀ ಅಂಗಡಿಯಿಂದ ಲಾರಿ ಸ್ಟ್ಯಾಂಡಿನವರೆಗೆ ಎಲ್ಲರಿಗೂ ಅವರು ‘ಬ್ರೇಕ್ ಇನ್‌ಸ್ಪೆಕ್ಟರ್’. ಗಾಡಿಯಲ್ಲಿ ಸರ್ಕಾರದವರು ನೋಡಲೇಬೇಕಾದ್ದು ಒಂದಿದ್ದರೆ ಅದು ಬ್ರೇಕು ಅನ್ನುವ ತಿಳಿವಳಿಕೆ ಜನರ ಬಾಯಲ್ಲಿ ಹುಟ್ಟಿದ ಆ ಹೆಸರಲ್ಲೇ ಇದೆ.

2009ರಲ್ಲಿ ನಮ್ಮಪ್ಪ ಕೊಂಡ ಆಲ್ಟೊಗೆ 2024ರಲ್ಲಿ 15 ವರ್ಷ ತುಂಬಿತು. ಆರ್‌ಸಿ ನವೀಕರಣ ಮಾಡಿಸಬೇಕು, ಅದಕ್ಕೆ ಗಾಡಿ ತೋರಿಸಬೇಕು. ಜನ ಇದನ್ನೂ ‘ಎಫ್‌ಸಿ ಮಾಡಿಸೋದು’ ಅಂತಲೇ ಹೇಳ್ತಾರೆ. ಏಜೆಂಟಿನ ಹುಡುಗ ಕಾರನ್ನು ಹಿಂದಿನ ದಿನವೇ ಒಯ್ದು ತೊಳೆಸಿ, ಬಂಪರಿನ ಗೀರಿಗೆ ಬಣ್ಣ ಹಚ್ಚಿಸಿ, ಇಂಡಿಕೇಟರ್ ಬಲ್ಬ್ ಹಾಕಿಸಿ, ‘ಆಯಿಲ್ ಎಲ್ಲಾ ಟಾಪ್‌ಅಪ್’ ಮಾಡಿಸಿ ತಂದ. ಮರುದಿನ ಕಚೇರಿಯ ಅಂಗಳದಲ್ಲಿ ಚಾಸಿ ನಂಬರ್ ನೋಡಿದರು, ಲೈಟು, ಹಾರ್ನು, ವೈಪರ್ ನೋಡಿದರು. ಸ್ವಲ್ಪ ದೂರ ಓಡಿಸಿ ಬ್ರೇಕ್ ಹಾಕಿಸಿದರು. ಗಾಡಿ ನಿಂತಿತು. ಪಾಸು. ಇನ್ನೈದು ವರ್ಷಕ್ಕೆ ಆರ್‌ಸಿ ಸಿಕ್ಕಿತು.

ಇದಾಗಿ ತಿಂಗಳೊಳಗೆ ದಸರೆ ರಜೆಗೆ ಊರಿಗೆ ಹೋಗಿದ್ದೆ. ಮುಂದಿನ ಬಲಗಡೆ ಟೈರ್ ಪಂಕ್ಚರ್ ಆಯ್ತು. ಅಂಗಡಿಯವನು ಚಕ್ರ ಬಿಚ್ಚಿ ಒಳಗೆ ಒಯ್ದ. ಕೆಲಸವಿಲ್ಲದೆ ನಿಂತಿದ್ದ ನಾನು ಮೊಬೈಲ್ ಟಾರ್ಚ್ ಹಾಕಿ ಬಗ್ಗಿ ನೋಡಿದೆ. ಹೇಳಿ ಕೇಳಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿದವಳು, ಓದಿದ್ದು ಎಲ್ಲಾದರೂ ಉಪಯೋಗಕ್ಕೆ ಬರಬೇಕಲ್ಲ! ಹೊರಗಿನ ಪ್ಯಾಡಿನಲ್ಲಿ 5 ಮಿ.ಮೀ. ಉಳಿದಿತ್ತು. ಪರವಾಗಿಲ್ಲ. ಒಳಗಿನ ಪ್ಯಾಡಿನಲ್ಲಿ ಉಳಿದದ್ದು ಒಂದೇ ಮಿಲಿಮೀಟರ್. ಆ ಕಾರಿನಲ್ಲಿ ಅಪ್ಪ ಎರಡು ತಿಂಗಳಿಗೊಮ್ಮೆ ಅಮ್ಮನನ್ನು ಆಗುಂಬೆ ಘಾಟಿ ಇಳಿಸಿಕೊಂಡು ಆಸ್ಪತ್ರೆಗೆ ಕರೆದೊಯ್ಯುತ್ತಾರೆ.

“ಈಗಷ್ಟೇ ಪಾಸಾಗಿದೆ ಕಣೇ, ಅವ್ರು ನೋಡಿ ಆಗಿದೆ” ಅಂತ ಅಪ್ಪ. ಅಪ್ಪ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ನಿರೀಕ್ಷಕರು ತಪ್ಪು ಮಾಡಿದರು ಅಂತಲೂ ನಾನು ಹೇಳುತ್ತಿಲ್ಲ. ಬ್ರೇಕಿನ ಬಗ್ಗೆ ಕೇಳಬೇಕಾದ ಪ್ರಶ್ನೆ ಎರಡು: ಇವತ್ತು ಹಿಡಿಯುತ್ತದೆಯೇ? ಇನ್ನೆಷ್ಟು ದಿನ ಹಿಡಿಯುತ್ತದೆ? ಓಡಿಸಿ ನಿಲ್ಲಿಸುವ ಪರೀಕ್ಷೆ ಮೊದಲನೆಯದಕ್ಕೆ ಮಾತ್ರ ಉತ್ತರ ಕೊಡುತ್ತದೆ. ಸರ್ಟಿಫಿಕೇಟನ್ನು ನಾವು ಎರಡಕ್ಕೂ ಉತ್ತರ ಅಂತ ಓದುತ್ತೇವೆ.

ಸೂತ್ರದಲ್ಲಿ ದಪ್ಪ ಇಲ್ಲ

ಡಿಸ್ಕ್ ಬ್ರೇಕು ಎಂದರೆ ಚಕ್ರದ ಜೊತೆ ತಿರುಗುವ ಬೀಡುಕಬ್ಬಿಣದ ತಟ್ಟೆ, ಅದನ್ನು ಎರಡೂ ಕಡೆಯಿಂದ ಅಮುಕುವ ಎರಡು ಪ್ಯಾಡು. ಹಿಡಿತದ ಬಲ ಎಂದರೆ ಘರ್ಷಣಾಂಕ ಗುಣಿಸು ಅಮುಕುವ ಬಲ, ಎರಡು ಮೈ ಇರುವುದರಿಂದ ಅದರ ಎರಡರಷ್ಟು. ಈ ಲೆಕ್ಕದಲ್ಲಿ ಪ್ಯಾಡಿನ ದಪ್ಪ ಎಲ್ಲೂ ಬರುವುದಿಲ್ಲ. 10 ಮಿ.ಮೀ. ಪ್ಯಾಡೂ 2 ಮಿ.ಮೀ. ಪ್ಯಾಡೂ ತಣ್ಣಗಿರುವಾಗ ಹೆಚ್ಚುಕಮ್ಮಿ ಒಂದೇ ರೀತಿ ಹಿಡಿಯುತ್ತವೆ. ಸವೆದ ಟೈರು ಮಳೆಯಲ್ಲಿ ಜಾರಿ ಮೊದಲೇ ಸೂಚನೆ ಕೊಡುತ್ತದೆ. ಸವೆದ ಪ್ಯಾಡು ಕೊನೆಯ ಮಿಲಿಮೀಟರಿನವರೆಗೆ ಒಳ್ಳೆಯ ಹುಡುಗನ ಹಾಗಿರುತ್ತದೆ.

ದಪ್ಪ ಲೆಕ್ಕಕ್ಕೆ ಬರುವುದು ಬಿಸಿ ಏರಿದಾಗ. ನಾಲ್ಕು ಜನ ಕೂತ ಸಣ್ಣ ಕಾರು ಸುಮಾರು 1,000 ಕೆ.ಜಿ. ಅಂತ ಇಟ್ಟುಕೊಳ್ಳಿ. ಅದು 500 ಮೀಟರ್ ಎತ್ತರ ಇಳಿದರೆ ಸುಮಾರು 49 ಲಕ್ಷ ಜೂಲ್ ಶಕ್ತಿ ಎಲ್ಲಾದರೂ ಹೋಗಲೇಬೇಕು. 15 ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರುವಷ್ಟು ಶಾಖ ಅದು. ಗಾಡಿ ಗೇರಿನಲ್ಲಿದ್ದರೆ ಎಂಜಿನ್ ಒಂದಷ್ಟು ನುಂಗುತ್ತದೆ, ಗಾಳಿ ಸ್ವಲ್ಪ ನುಂಗುತ್ತದೆ. ಉಳಿದದ್ದೆಲ್ಲ ಬ್ರೇಕಿಗೆ, ಅದರಲ್ಲೂ ಹೆಚ್ಚಿನ ಪಾಲು ಮುಂದಿನ ಎರಡು ಚಕ್ರಕ್ಕೆ. ನಮ್ಮಪ್ಪನಂತೆ ಪೆಟ್ರೋಲ್ ಉಳಿಸಲಿಕ್ಕೆ ನ್ಯೂಟ್ರಲ್‌ನಲ್ಲಿ ಘಾಟಿ ಇಳಿಯುವವರು ಎಂಜಿನ್ನಿನ ಪಾಲನ್ನೂ ಬ್ರೇಕಿನ ತಲೆಗೇ ಕಟ್ಟುತ್ತಾರೆ. (ಅಪ್ಪ ಇದನ್ನು ಒಪ್ಪುವುದಿಲ್ಲ. ಪ್ಯಾಡು ಒಪ್ಪಿಕೊಂಡಿದೆ.)

ದಪ್ಪ ಪ್ಯಾಡು ಬಿಸಿ ಡಿಸ್ಕಿಗೂ ಪಿಸ್ಟನ್ನಿಗೂ ನಡುವೆ ಅಡ್ಡಗೋಡೆ. ಅದು ತೆಳುವಾದಷ್ಟೂ ಶಾಖ ಬೇಗ ಪಿಸ್ಟನ್ ದಾಟಿ ಬ್ರೇಕ್ ಆಯಿಲಿಗೆ ಹೋಗುತ್ತದೆ. ಈ ಆಯಿಲು ಗಾಳಿಯ ತೇವವನ್ನು ಹೀರಿಕೊಳ್ಳುವ ಜಾತಿಯದು. ಡಾಟ್ 3 ದರ್ಜೆಯ ಹೊಸ ಆಯಿಲಿನ ಕುದಿಯುವ ಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕು. ಸುಮಾರು ನೂರಕ್ಕೆ ನಾಲ್ಕು ಪಾಲು ನೀರು ಸೇರಿದರೆ ಅದು 140ಕ್ಕೆ ಇಳಿಯಬಹುದು. ಡಾಟ್ 4ರಲ್ಲಿ 230 ಇದ್ದದ್ದು 155ಕ್ಕೆ. ಆಯಿಲು ಕುದ್ದರೆ ಪೈಪಿನಲ್ಲಿ ಆವಿಯ ಗುಳ್ಳೆ. ದ್ರವ ಒತ್ತಿದರೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಪೆಡಲ್ ನೆಲಕ್ಕೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಮಲೆನಾಡಿನ ಮಳೆಯಲ್ಲಿ ವರ್ಷಗಟ್ಟಲೆ ಬದಲಿಸದ ಆಯಿಲು, ಸವೆದ ಪ್ಯಾಡು, ನ್ಯೂಟ್ರಲ್‌ನಲ್ಲಿ ಘಾಟಿ. ಈ ಮೂರೂ ಒಂದೇ ಕಾರಿನಲ್ಲಿ ಸೇರುವುದು ಅಪರೂಪವೇನಲ್ಲ. ಕಚೇರಿಯ ಸಮತಟ್ಟಾದ ಅಂಗಳದಲ್ಲಿ ಇಪ್ಪತ್ತೋ ಮೂವತ್ತೋ ಕಿ.ಮೀ. ವೇಗದಲ್ಲಿ ಒಮ್ಮೆ ಬ್ರೇಕ್ ಹಾಕಿದರೆ ಇದ್ಯಾವುದೂ ಕಾಣುವುದಿಲ್ಲ.

ಯಂತ್ರ ಬಂದರೆ ಸರಿಹೋಗುತ್ತದೆ ಅಂತ ಒಂದು ನಂಬಿಕೆ ಇದೆ. 2021ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಸ್ವಯಂಚಾಲಿತ ಪರೀಕ್ಷಾ ಕೇಂದ್ರಗಳ ಅಧ್ಯಾಯ ಸೇರಿತು. ಇಂಥ ಕೇಂದ್ರದಲ್ಲಿ ಬ್ರೇಕಿಗೆ ರೋಲರ್ ಪರೀಕ್ಷೆ. ನೆಲದಲ್ಲಿ ಹುದುಗಿಸಿದ ಜೋಡಿ ಉರುಳೆಗಳ ಮೇಲೆ ಚಕ್ರ ನಿಲ್ಲಿಸುತ್ತಾರೆ, ಮೋಟಾರು ಚಕ್ರವನ್ನು ನಿಧಾನಕ್ಕೆ ತಿರುಗಿಸುತ್ತದೆ, ನೀವು ಬ್ರೇಕ್ ಒತ್ತಿದಾಗ ಅದು ಎಷ್ಟು ಬಲದಿಂದ ತಡೆಯುತ್ತದೆ ಅಂತ ಅಳೆಯುತ್ತದೆ. ನಾಲ್ಕೂ ಚಕ್ರದ ಬಲ ಕೂಡಿಸಿ ಗಾಡಿಯ ಭಾರದಿಂದ ಭಾಗಿಸಿದರೆ ದಕ್ಷತೆ. ಲೆಕ್ಕಕ್ಕೆ 750 ಕೆ.ಜಿ. ಕಾರು ತಗೊಳ್ಳಿ, ಅದರ ಭಾರ ಸುಮಾರು 7,350 ನ್ಯೂಟನ್. ಮುಂದಿನ ಎಡ 1,500, ಬಲ 1,150, ಹಿಂದಿನ ಎರಡು 650 ಮತ್ತು 600. ಒಟ್ಟು 3,900, ಅಂದರೆ ನೂರಕ್ಕೆ 53. ಮುಂದಿನ ಎರಡರ ನಡುವೆ ವ್ಯತ್ಯಾಸ 350, ಹೆಚ್ಚಿರುವುದರ ನೂರಕ್ಕೆ 23. ಬ್ರಿಟನ್ನಿನ ವಾರ್ಷಿಕ ಎಂಓಟಿ ಪರೀಕ್ಷೆಯಲ್ಲಿ 2010ರ ಸೆಪ್ಟೆಂಬರ್‌ಗೆ ಮುಂಚಿನ ಕಾರಿಗೆ ನೂರಕ್ಕೆ 50 ದಕ್ಷತೆ ಸಾಕು, ನಂತರದವಕ್ಕೆ 58 ಬೇಕು. ಮುಂದಿನ ಎಡ–ಬಲದ ವ್ಯತ್ಯಾಸ 30ರೊಳಗಿರಬೇಕು. ನಮ್ಮ ಉದಾಹರಣೆಯ ಕಾರು ಹಳೆಯದಾದರೆ ಅಲ್ಲೂ ಪಾಸು.

ಅಂಗಳದ ಪರೀಕ್ಷೆಗಿಂತ ಇದು ಎಷ್ಟೋ ಪಾಲು ಮೇಲು, ಅನುಮಾನವಿಲ್ಲ. ಒಂದು ಬದಿಯ ಬ್ರೇಕು ಸೋತಿರುವುದನ್ನು ಮನುಷ್ಯರ ಅಂದಾಜಿಗಿಂತ ಚೆನ್ನಾಗಿ ಹಿಡಿಯುತ್ತದೆ, ಅಂಕಿ ಕಾಗದಕ್ಕೆ ಬರುವುದರಿಂದ ‘ಅಡ್ಜಸ್ಟ್’ ಮಾಡಿಕೊಳ್ಳುವುದೂ ಕಷ್ಟ. ಆದರೆ ರೋಲರ್ ಅಳೆಯುವುದೂ ಬಲವನ್ನೇ, ಅದೂ ತಣ್ಣಗಿನ ಬ್ರೇಕಿನಲ್ಲಿ. ಅಪ್ಪನ ಕಾರಿನ ಒಂದು ಮಿಲಿಮೀಟರ್ ಪ್ಯಾಡು ರೋಲರ್ ಮೇಲೂ ಪಾಸಾಗುವ ಸಾಧ್ಯತೆಯೇ ಹೆಚ್ಚಿತ್ತು. ಸವೆತ ತಿಳಿಯಬೇಕಾದರೆ ಯಾರಾದರೂ ಬಗ್ಗಿ ನೋಡಲೇಬೇಕು.

ಬಗ್ಗಿ ನೋಡುವುದು ಹೇಗೆ

ಎಫ್‌ಸಿಗೆ ಹೋಗುವ ಮೊದಲು ಮನೆಯಲ್ಲೋ ಗ್ಯಾರೇಜಿನಲ್ಲೋ ಇದನ್ನು ಮಾಡಬಹುದು. ಸಮತಟ್ಟಾದ ಜಾಗ, ಹಿಂದಿನ ಚಕ್ರಗಳಿಗೆ ಅಡ್ಡಗಲ್ಲು, ಜಾಕ್, ಪಾನಾ, ಟಾರ್ಚು. ಜಾಕಿನ ಮೇಲಷ್ಟೇ ನಿಂತ ಕಾರಿನ ಕೆಳಗೆ ಯಾವ ಕಾರಣಕ್ಕೂ ಹೋಗಬೇಡಿ. ಚಕ್ರ ಬಿಚ್ಚಿದರೆ ಸಾಕು, ಕೆಳಗೆ ಹೋಗುವ ಅಗತ್ಯವೇ ಇಲ್ಲ.

ಅಲಾಯ್ ಚಕ್ರದ ಕಿಂಡಿಯಿಂದ ಇಣುಕಿ ‘ಪ್ಯಾಡ್ ಚೆನ್ನಾಗಿದೆ’ ಅನ್ನುವವರಿದ್ದಾರೆ. ಅಲ್ಲಿಂದ ಕಾಣುವುದು ಹೊರಗಿನ ಪ್ಯಾಡು ಮಾತ್ರ. ಸಾಮಾನ್ಯ ಕಾರುಗಳ ಕ್ಯಾಲಿಪರಿನಲ್ಲಿ ಪಿಸ್ಟನ್ ಇರುವುದು ಒಳಬದಿಗೆ. ಅದು ಒಳಗಿನ ಪ್ಯಾಡನ್ನು ನೇರವಾಗಿ ತಳ್ಳುತ್ತದೆ, ಅದರ ಪ್ರತಿಬಲಕ್ಕೆ ಇಡೀ ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಜಾರಿ ಹೊರಗಿನ ಪ್ಯಾಡನ್ನು ಎಳೆದು ಒತ್ತುತ್ತದೆ. ರಬ್ಬರ್ ಬೂಟು ಹರಿದು ನೀರು ಹೋಗಿ ಪಿನ್ನಿಗೆ ತುಕ್ಕು ಹಿಡಿದರೆ ಈ ಜಾರುವಿಕೆ ನಿಲ್ಲುತ್ತದೆ. ಆಮೇಲೆ ಒಳಗಿನ ಪ್ಯಾಡೊಂದೇ ಗಾಣದೆತ್ತಿನಂತೆ ದುಡಿಯುತ್ತದೆ. ನಮ್ಮ ಕಾರಿನಲ್ಲಿ ಆಗಿದ್ದು ಇದೇ: ಹೊರಗೆ 5, ಒಳಗೆ 1. ಆದ್ದರಿಂದ ಕ್ಯಾಲಿಪರಿನ ನಡುವಿನ ಕಿಂಡಿಯಿಂದ ಒಳಗಿನದನ್ನೂ ನೋಡಿ. ಎರಡರ ನಡುವೆ ಎರಡು–ಮೂರು ಮಿಲಿಮೀಟರ್ ವ್ಯತ್ಯಾಸ ಕಂಡರೆ ಪ್ಯಾಡ್ ಬದಲಿಸಿದರೆ ಮುಗಿಯಲಿಲ್ಲ, ಪಿನ್ ಬಿಚ್ಚಿ ತುಕ್ಕು ತೆಗೆದು ಅದಕ್ಕೆ ಹೊಂದುವ ಗ್ರೀಸ್ ಹಚ್ಚಬೇಕು. ಇಲ್ಲದಿದ್ದರೆ ಹೊಸ ಪ್ಯಾಡಿನ ಗತಿಯೂ ಅದೇ. ಒಂದೇ ಪ್ಯಾಡು ಒಂದು ತುದಿಯಲ್ಲಿ ದಪ್ಪ, ಇನ್ನೊಂದು ತುದಿಯಲ್ಲಿ ತೆಳು ಇದ್ದರೂ ಅನುಮಾನ ಪಿನ್ನಿನ ಮೇಲೆ, ಲೆಕ್ಕಕ್ಕೆ ಹಿಡಿಯಬೇಕಾದ್ದು ತೆಳುವಾದ ತುದಿಯನ್ನು.

ಇನ್ನೊಂದು ತಪ್ಪು ನಾನೇ ಕಾಲೇಜಿನಲ್ಲಿದ್ದಾಗ ಮಾಡಿದ್ದೆ. ಪ್ಯಾಡು ಅಂದರೆ ಉಕ್ಕಿನ ತಗಡು, ಅದರ ಮೇಲೆ ಅಂಟಿಸಿದ ಘರ್ಷಣೆಯ ಪದಾರ್ಥ. ತಗಡೇ ಸುಮಾರು 5 ಮಿ.ಮೀ. ಇರುತ್ತದೆ. ಧೂಳು ಮೆತ್ತಿದಾಗ ಎರಡೂ ಒಂದೇ ಬಣ್ಣ. ತಗಡನ್ನೂ ಸೇರಿಸಿ ಅಳೆದು ‘ಇನ್ನೂ 7 ಮಿ.ಮೀ. ಇದೆ’ ಅಂದುಕೊಂಡರೆ ನಿಜಕ್ಕೂ ಇರುವುದು ಎರಡು. ಹೊಸ ಪ್ಯಾಡಿನಲ್ಲಿ ಈ ಪದಾರ್ಥ ಸಾಮಾನ್ಯವಾಗಿ 8ರಿಂದ 12 ಮಿ.ಮೀ. 3ಕ್ಕೆ ಬಂದಾಗ ಬದಲಿಸುವುದು ಜಾಣತನ. ಎಂಓಟಿಯಲ್ಲಿ 1.5ಕ್ಕಿಂತ ಕಡಿಮೆಯಾದರೆ ಫೇಲು. ನಿಮ್ಮ ಕಾರಿನ ಕೈಪಿಡಿಯಲ್ಲಿ ಇದಕ್ಕಿಂತ ಹೆಚ್ಚಿನ ಮಿತಿ ಕೊಟ್ಟಿದ್ದರೆ ಅದೇ ಅಂತಿಮ.

ಕೆಲವು ಪ್ಯಾಡಿಗೆ ಒಂದು ಸಣ್ಣ ತಗಡಿನ ನಾಲಿಗೆ ಇರುತ್ತದೆ. ಪದಾರ್ಥ ಸವೆದಾಗ ಅದು ಡಿಸ್ಕಿಗೆ ತಾಗಿ ಕೀಂ ಅನ್ನುತ್ತದೆ, ಬೇಕಂತಲೇ. ಆದರೆ ಎಲ್ಲ ಪ್ಯಾಡಿಗೂ ಇರುವುದಿಲ್ಲ, ಅಗ್ಗದವಕ್ಕೆ ಹಲವು ಸಲ ಇರುವುದೇ ಇಲ್ಲ. ಸದ್ದಿಲ್ಲ ಅಂದರೆ ಸವೆದಿಲ್ಲ ಅಂತಲ್ಲ. ಗರಗರ ಅನ್ನುವ ಒರಟು ಸದ್ದು ಬಂದರೆ ಮಾತ್ರ ಲೆಕ್ಕಾಚಾರ ಬೇಡ. ಅದು ತಗಡು ಡಿಸ್ಕನ್ನು ಕೆತ್ತುತ್ತಿರುವ ಸದ್ದಿರಬಹುದು. ಗಾಡಿ ಅಲ್ಲೇ ನಿಲ್ಲಿಸಿ.

ಡಿಸ್ಕ್ ಕೂಡ ಸವೆಯುತ್ತದೆ, ಇದು ಬಹಳ ಜನರಿಗೆ ನೆನಪಿರುವುದಿಲ್ಲ. ಕನಿಷ್ಠ ದಪ್ಪ ಎಷ್ಟು ಅಂತ ಡಿಸ್ಕಿನ ಅಂಚಿನಲ್ಲೋ ನಡುವಿನ ಉಬ್ಬಿನಲ್ಲೋ ಅಚ್ಚು ಹಾಕಿರುತ್ತಾರೆ, ತುಕ್ಕು ಒರೆಸಿದರೆ ಕಾಣುತ್ತದೆ. ಹೊಸದಕ್ಕೂ ಆ ಮಿತಿಗೂ ಸಾಮಾನ್ಯವಾಗಿ ಎರಡು ಮಿಲಿಮೀಟರಿನಷ್ಟೇ ಅಂತರ. ಅಳೆಯುವಾಗ ಒಂದು ಮೋಸ ಇದೆ. ಪ್ಯಾಡು ತಾಗದ ಹೊರಅಂಚು ಸವೆಯದೆ ಏಣಿನಂತೆ ಎದ್ದಿರುತ್ತದೆ. ವರ್ನಿಯರಿನ ದವಡೆ ಆ ಏಣಿನ ಮೇಲೆ ಕೂತು ಡಿಸ್ಕು ದಪ್ಪ ಇದೆ ಅಂತ ತೋರಿಸುತ್ತದೆ. ಸ್ಕ್ರೂಗೇಜ್ ಇಲ್ಲದಿದ್ದರೆ ಡಿಸ್ಕಿನ ಎರಡೂ ಮೈಗೆ ಒಂದೊಂದು ನಾಣ್ಯ ಇಟ್ಟು, ನಾಣ್ಯಗಳ ಸಮೇತ ಅಳೆದು, ನಾಣ್ಯಗಳ ದಪ್ಪ ಕಳೆಯಿರಿ. ಒಂದೇ ಕಡೆ ಅಳೆದು ಬಿಡಬೇಡಿ, ಸುತ್ತ ನಾಲ್ಕು ಕಡೆ ನೋಡಿ. ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರು, ಬಿರುಕು ಇದ್ದರೆ ಮೆಕ್ಯಾನಿಕ್‌ಗೆ ತೋರಿಸಿ.

ಹಿಂದಿನ ಡ್ರಮ್ ಬ್ರೇಕು ಕಷ್ಟದ ಗಿರಾಕಿ, ಡ್ರಮ್ ತೆಗೆಯದೆ ಸರಿಯಾಗಿ ಕಾಣುವುದಿಲ್ಲ. ಕೆಲವು ಕಾರುಗಳ ಹಿಂದಿನ ತಗಡಿನಲ್ಲಿ ರಬ್ಬರ್ ಬಿರಡೆ ಹಾಕಿದ ಸಣ್ಣ ತೂತು ಇರುತ್ತದೆ, ಅಲ್ಲಿಂದ ಶೂ ಮೇಲಿನ ಲೈನರ್ ನೋಡಬಹುದು. 1 ಮಿ.ಮೀ.ಗೆ ಬಂದಿದ್ದರೆ ಮುಗಿಯಿತು. ಹ್ಯಾಂಡ್ ಬ್ರೇಕ್ ಮೊದಲಿಗಿಂತ ಹೆಚ್ಚು ‘ಕಟ ಕಟ’ ಮೇಲೆ ಬರುತ್ತಿದ್ದರೆ ಲೈನರ್ ಸವೆದಿರಬಹುದು ಅಥವಾ ಕೇಬಲ್ ಸಡಿಲಾಗಿರಬಹುದು. ಒಳಗಿನ ಧೂಳನ್ನು ಬಾಯಲ್ಲಿ ಊದಬೇಡಿ, ಗ್ಯಾರೇಜಿನ ಹುಡುಗರಿಗೂ ಗಾಳಿ ಪೈಪ್ ಹಿಡಿಯಲು ಬಿಡಬೇಡಿ. ಹಳೆಯ ಲೈನರುಗಳಲ್ಲಿ ಕಲ್ನಾರು ಇರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಇನ್ನು ಆ ‘ಟಾಪ್‌ಅಪ್’ ವಿಷಯ. ಪ್ಯಾಡು ಸವೆದಷ್ಟೂ ಪಿಸ್ಟನ್ ಮುಂದಕ್ಕೆ ಬರುತ್ತದೆ, ಅದರ ಹಿಂದಿನ ಜಾಗ ತುಂಬಲು ಡಬ್ಬಿಯ ಆಯಿಲು ಕೆಳಗಿಳಿಯುತ್ತದೆ. ಅಂದರೆ ಆಯಿಲಿನ ಮಟ್ಟ ಸವೆತದ ಮಾಪಕ. ತೀರಾ ಇಳಿದಾಗ ಹ್ಯಾಂಡ್ ಬ್ರೇಕಿನ ಕೆಂಪು ದೀಪವೇ ಹತ್ತಿಕೊಳ್ಳುವಂತೆ ಹಲವು ಕಾರುಗಳಲ್ಲಿ ವ್ಯವಸ್ಥೆ ಇರುತ್ತದೆ. ಕಾರಣ ನೋಡದೆ ಆಯಿಲು ತುಂಬಿಸಿದರೆ ಜ್ವರಕ್ಕೆ ಮದ್ದು ಕೊಡದೆ ಥರ್ಮಾಮೀಟರ್ ಒರೆಸಿಟ್ಟ ಹಾಗೆ. ಏಜೆಂಟಿನ ಹುಡುಗ ಒಳ್ಳೆಯ ಮನಸ್ಸಿನಿಂದಲೇ ತುಂಬಿಸಿದ್ದು. ಗ್ಯಾರೇಜಿನಲ್ಲಿ ಹೊಸ ಪ್ಯಾಡು ಕೂರಿಸಲು ಪಿಸ್ಟನ್ ಹಿಂದೆ ಒತ್ತಿದಾಗ ಡಬ್ಬಿ ಉಕ್ಕಿ ಆಯಿಲು ಹೊರಗೆ ಚೆಲ್ಲಿತು. “ಯಾರೋ ಮೇಲಿಂದ ಹೊಯ್ದಿದಾರೆ ಮಾರಾಯ್ರೆ” ಅಂತ ಮೆಕ್ಯಾನಿಕ್ ಅಪ್ಪನಿಗೆ ಹೇಳಿದ. ಪ್ರಶ್ನೆ ಕೇಳುತ್ತಿದ್ದವಳು ನಾನು, ಉತ್ತರವೆಲ್ಲ ಅಪ್ಪನಿಗೇ ಹೋಗುತ್ತಿತ್ತು, ಇರಲಿ.

ಐದು ವರ್ಷದ ಕಾಗದ

ಈಗ ನಿಯಮದ ಕಡೆ ಬರೋಣ. ಟ್ಯಾಕ್ಸಿ, ಬಸ್ಸು, ಲಾರಿಗಳಂಥ ಸಾರಿಗೆ ವಾಹನಗಳಿಗೆ ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ನಂತರ ವರ್ಷಕ್ಕೊಮ್ಮೆ ಫಿಟ್‌ನೆಸ್ ಪರೀಕ್ಷೆ. ಮನೆಯ ಕಾರಿಗೆ ಆರ್‌ಸಿ 15 ವರ್ಷ ಚಾಲ್ತಿ, ಆಮೇಲೆ ಫಾರಂ 25 ಕೊಟ್ಟು ಐದೈದು ವರ್ಷಕ್ಕೆ ನವೀಕರಣ. ಅಂದರೆ ಮನೆಯ ಕಾರಿನ ಬ್ರೇಕನ್ನು ಸರ್ಕಾರ ಮೊದಲ ಸಲ ನೋಡುವುದು ಅದಕ್ಕೆ 15 ವರ್ಷ ಆದಾಗ. 2022ರ ಏಪ್ರಿಲ್‌ನಲ್ಲಿ 15 ವರ್ಷ ದಾಟಿದ ಕಾರಿನ ನವೀಕರಣ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. ನೋಡುವ ರೀತಿ ಅದೇ ಪ್ರಮಾಣದಲ್ಲಿ ಏರಿದ್ದನ್ನು ನಮ್ಮ ಕಾರಿನ ವಿಷಯದಲ್ಲಂತೂ ನಾನು ಕಾಣಲಿಲ್ಲ.

ಸವೆತಕ್ಕೆ ಈ ಅವಧಿಯನ್ನು ಹೋಲಿಸಿ. 10 ಮಿ.ಮೀ. ಪ್ಯಾಡು 40,000 ಕಿ.ಮೀ.ಗೆ 4ಕ್ಕೆ ಬಂದಿದೆ ಅಂದುಕೊಳ್ಳಿ. 10,000ಕ್ಕೆ ಒಂದೂವರೆ ಮಿಲಿಮೀಟರ್. 4ರಿಂದ 2ಕ್ಕೆ ಬರಲು ಇನ್ನು ಸುಮಾರು 13,000 ಕಿ.ಮೀ. ಸಾಕು, ಹಲವು ಮನೆಗಳಲ್ಲಿ ಅದು ವರ್ಷ–ಒಂದೂವರೆ ವರ್ಷದ ಓಡಾಟ. ಘಾಟಿ ಇದ್ದರೆ, ಪಿನ್ ಹಿಡಿದುಕೊಂಡಿದ್ದರೆ ಇನ್ನೂ ಬೇಗ. ಅಂಥ ಪ್ಯಾಡಿಗೆ ನಾವು ಐದು ವರ್ಷದ ಕಾಗದ ಕೊಡುತ್ತಿದ್ದೇವೆ.

ಬ್ರಿಟನ್ನಿನಲ್ಲಿ ಕಾರಿಗೆ ಮೂರು ವರ್ಷ ಆದ ಮೇಲೆ ಪ್ರತಿ ವರ್ಷ ಪರೀಕ್ಷೆ. ಅಲ್ಲಿನ ಪರೀಕ್ಷಕರೂ ಚಕ್ರ ಬಿಚ್ಚುವುದಿಲ್ಲ, ಕಾಣುವಷ್ಟನ್ನೇ ನೋಡುತ್ತಾರೆ. ಒಳಗಿನ ಪ್ಯಾಡು ಅವರ ಕಣ್ಣಿಗೂ ತಪ್ಪಬಹುದು. ಆದರೆ ಅಲ್ಲಿ ಪಾಸು–ಫೇಲಿನ ನಡುವೆ ಇನ್ನೊಂದು ಖಾನೆ ಇದೆ, ಸಲಹೆ. ‘ಪಾಸಾಗಿದೆ, ಆದರೆ ಮುಂದಿನ ಪ್ಯಾಡು ತೆಳುವಾಗುತ್ತಿದೆ’ ಅಂತ ಬರೆದು ಕೊಡುತ್ತಾರೆ. ಗಾಡಿ ನಂಬರ್ ಹಾಕಿದರೆ ಆ ಚರಿತ್ರೆ ಯಾರಿಗೆ ಬೇಕಾದರೂ ಸರ್ಕಾರಿ ಜಾಲತಾಣದಲ್ಲಿ ಸಿಗುತ್ತದೆ. ಹಳೆಯ ಕಾರು ಕೊಳ್ಳುವವನಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ.

ನನಗೆ ಅನ್ನಿಸುವುದು ಇಷ್ಟೇ. 15 ವರ್ಷದ ಕಾರಿಗೆ ವರ್ಷಕ್ಕೊಮ್ಮೆ ಆರ್‌ಟಿಓ ಅಂಗಳದಲ್ಲಿ ಸಾಲು ನಿಲ್ಲಿ ಅಂದರೆ ಏಜೆಂಟರಿಗೆ ಹಬ್ಬ, ಜನರಿಗೆ ಶಿಕ್ಷೆ. ಅದು ಬೇಡ. ನವೀಕರಣಕ್ಕೆ ಬಂದಾಗ ಗ್ಯಾರೇಜಿನವರು ಚಕ್ರ ಬಿಚ್ಚಿ ಅಳೆದ ಒಂದು ಚೀಟಿ ಕೇಳಲಿ: ನಾಲ್ಕು ಮುಂದಿನ ಪ್ಯಾಡಿನ ದಪ್ಪ, ಡಿಸ್ಕಿನ ದಪ್ಪ, ಹಿಂದಿನ ಲೈನರು, ಆಯಿಲು ಬದಲಿಸಿದ ತಿಂಗಳು. ಚೀಟಿಯಲ್ಲೂ ಸುಳ್ಳು ಬರೆಯಬಹುದು, ಗೊತ್ತು. ಆದರೆ ‘ಬ್ರೇಕ್ ಸರಿಯಿದೆ’ ಅಂತ ಟಿಕ್ ಹಾಕುವುದು ಸುಲಭ, ‘ಒಳಗೆ 6.5’ ಅಂತ ಅಂಕಿ ಬರೆದು ಸಹಿ ಹಾಕುವವನು ಒಮ್ಮೆಯಾದರೂ ಬಗ್ಗುತ್ತಾನೆ. ಸರ್ಕಾರ ಕೇಳುವವರೆಗೆ ಕಾಯಬೇಕಿಲ್ಲ. ಸರ್ವಿಸ್‌ಗೆ ಬಿಟ್ಟಾಗ ‘ಬ್ರೇಕ್ ಚೆಕ್ ಮಾಡಿ’ ಅನ್ನುವ ಬದಲು ‘ಒಳಗಿನ ಪ್ಯಾಡು ಎಷ್ಟು ಮಿಲಿಮೀಟರ್ ಇದೆ, ಜಾಬ್ ಕಾರ್ಡಿನಲ್ಲಿ ಬರೆಯಿರಿ’ ಅನ್ನಿ.

ಆ ದಿನ ಪಂಕ್ಚರ್ ಅಂಗಡಿಯಿಂದ ಗ್ಯಾರೇಜಿಗೆ ಎರಡನೇ ಗೇರಿನಲ್ಲೇ ಹೋದೆವು. ಎರಡೂ ಬದಿಗೆ ಹೊಸ ಪ್ಯಾಡು, ಪಿನ್ ಕಿಟ್, ಹೊಸ ಆಯಿಲು. ಹಳೆಯ ಪ್ಯಾಡನ್ನು ಮೆಕ್ಯಾನಿಕ್ ಎಸೆಯಲು ಹೊರಟಾಗ ಅಪ್ಪ ಇಸಿದುಕೊಂಡರು. ಅದೀಗ ನಮ್ಮನೆ ಟಿವಿ ಪಕ್ಕ ಇದೆ. ಕಾರಿನ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಒಂದು ಪುಟ್ಟ ಪುಸ್ತಕ ಇಟ್ಟಿದ್ದೇನೆ. ಕಳೆದ ಸಲ ಹೋದಾಗ ಅದರಲ್ಲಿ ಅಪ್ಪನ ಅಕ್ಷರದಲ್ಲಿ ಹೀಗಿತ್ತು: ಬಲ ಹೊರಗೆ 8, ಒಳಗೆ 7.5. ಎಡ ಹೊರಗೆ 8, ಒಳಗೆ 8. ಅದರ ಕೆಳಗೆ, ಯಾರೂ ಕೇಳದಿದ್ದರೂ: ‘ಘಾಟಿ ಎರಡನೇ ಗೇರಿನಲ್ಲಿ ಇಳಿದೆ.’